ಮಕ್ಕಳ ಮೊಣಕೈಯ ಹಳೆಯ ಪೆಟ್ಟು: ಈಗಲೇ ಶಸ್ತ್ರಚಿಕಿತ್ಸೆಯೋ, ಕಾಯುವುದೋ, ಹಾಗೆಯೇ ಬಿಡುವುದೋ?

ಗೇರುಹಣ್ಣಿನ ಕಾಲದಲ್ಲಿ ಮರದಿಂದ ಬಿದ್ದ ಮಕ್ಕಳೂ, ಮಳೆಗಾಲ ಹಿಡಿದ ಮೇಲೆ ಪಾಚಿಗಟ್ಟಿದ ಅಂಗಳದಲ್ಲಿ ಜಾರಿದ ಮಕ್ಕಳೂ ಸಾಮಾನ್ಯವಾಗಿ ಕೈ ಊರಿಕೊಂಡೇ ಬೀಳುತ್ತಾರೆ. ಆ ಹೊಡೆತವನ್ನೆಲ್ಲ ತಾಳಿಕೊಳ್ಳಬೇಕಾದದ್ದು ಮೊಣಕೈ ಮತ್ತು ಮುಂದೋಳು. ಅವರಲ್ಲಿ ಹೆಚ್ಚಿನವರು ಅಂದೇ ಆಸ್ಪತ್ರೆಗೆ ಬಂದು, ಪ್ಲಾಸ್ಟರ್ ಹಾಕಿಸಿಕೊಂಡು, ಕೆಲವು ತಿಂಗಳಲ್ಲಿ ಮತ್ತೆ ಮರ ಹತ್ತುತ್ತಾರೆ. ಉಳಿದ ಕೆಲವರ ದಾರಿ ಬೇರೆ. ಉಳುಕಿರಬೇಕೆಂದು ಅಜ್ಜಿ ಎಣ್ಣೆ ತಿಕ್ಕಿದ್ದು, ನಾಟಿ ವೈದ್ಯರು ಬಿದಿರಿನ ಪಟ್ಟಿ ಇಟ್ಟು ಬಿಗಿದದ್ದು, ಎಕ್ಸ್‌ರೇ ತೆಗೆಸಿಯೂ ಅದರಲ್ಲಿ ಇದ್ದದ್ದು ಯಾರ ಕಣ್ಣಿಗೂ ಬೀಳದೆ ಹೋದದ್ದು – ಹೀಗೆ ಯಾವುದೋ ಕಾರಣಕ್ಕೆ ಆರು ತಿಂಗಳೋ ಎರಡು ವರ್ಷವೋ ಕಳೆದ ಮೇಲೆ ಅವರು ಸೊಟ್ಟಗಾದ, ಇಲ್ಲವೇ ಪೂರ್ತಿ ಮಡಚಲಾಗದ, ಇಲ್ಲವೇ ತಿರುಗಿಸಲಾಗದ ಕೈಯೊಂದಿಗೆ ಬರುತ್ತಾರೆ. ಆ ಹಂತದಲ್ಲಿ ಮನೆಯವರ ಮುಂದಿರುವ ಆಯ್ಕೆಗಳನ್ನು ಹೋಲಿಸಿ ನೋಡುವುದು ಈ ಬರಹದ ಉದ್ದೇಶ.

ನಾನು ಶಸ್ತ್ರವೈದ್ಯೆಯಲ್ಲ, ಉಡುಪಿಯಲ್ಲಿ ಫಿಸಿಯೋಥೆರಪಿ ವೃತ್ತಿಯಲ್ಲಿರುವವಳು. ಶಸ್ತ್ರಚಿಕಿತ್ಸೆ ಮುಗಿದು ಪ್ಲಾಸ್ಟರ್ ಬಿಚ್ಚಿದ ಮೇಲೆ ಮಗುವಿನ ಕೈ ನನ್ನಂಥವರ ಪಾಲಿಗೆ ಬರುತ್ತದೆ. ಆದ್ದರಿಂದ ಎಕ್ಸ್‌ರೇಯಲ್ಲಿ ನೇರವಾಗಿ ಕಂಡ ಕೈ ಜಡೆ ಹೆಣೆದುಕೊಳ್ಳಲು ಒದಗದೆ ಹೋದದ್ದನ್ನೂ, ಎಕ್ಸ್‌ರೇಯಲ್ಲಿ ವಕ್ರವಾಗಿಯೇ ಉಳಿದ ಕೈ ಮೈದಾನದ ಅಂಚಿನಿಂದ ವಿಕೆಟಿಗೆ ಚೆಂಡೆಸೆದದ್ದನ್ನೂ ನೋಡಿದ್ದೇನೆ. ‘ಕೈ ಮೊದಲಿನಂತೆ ಆಗುತ್ತದೆಯೇ’ ಎಂಬುದು ತಂದೆತಾಯಿಯರ ಮೊದಲ ಪ್ರಶ್ನೆ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆ ಇನ್ನೊಂದಿದೆ: ಕಾದರೆ ಏನು ಕಳೆದುಹೋಗುತ್ತದೆ? ಹಳೆಯ ಪೆಟ್ಟು ಎಂಬ ಒಂದೇ ಮಾತಿನ ಕೆಳಗೆ ಬರುವ ತೊಂದರೆಗಳಲ್ಲಿ ಒಂದಕ್ಕೆ ಪ್ರತಿ ತಿಂಗಳೂ ನಷ್ಟ, ಇನ್ನೊಂದಕ್ಕೆ ಒಂದು ವರ್ಷ ಕಾಯುವುದೇ ಲಾಭ, ಮತ್ತೊಂದನ್ನು ಮುಟ್ಟದೆ ಬಿಟ್ಟರೂ ನಡೆಯುತ್ತದೆ.

ಬೆಳವಣಿಗೆ ಯಾವುದನ್ನು ನೇರ ಮಾಡುತ್ತದೆ

‘ಮಕ್ಕಳ ಮೂಳೆ ತಾನೇ ಸರಿಹೋಗುತ್ತದೆ’ ಎಂಬ ಮಾತು ಅರ್ಧ ನಿಜ. ಮೂಳೆ ಉದ್ದಕ್ಕೆ ಬೆಳೆಯುವುದು ತುದಿಗಳಲ್ಲಿರುವ ಬೆಳವಣಿಗೆಯ ಪಟ್ಟಿಗಳಿಂದ, ಮತ್ತು ಎಲ್ಲ ಪಟ್ಟಿಗಳ ಶಕ್ತಿ ಒಂದೇ ಅಲ್ಲ. ಮುಂದೋಳಿನ ಹೆಬ್ಬೆರಳಿನ ಕಡೆಯ ರೇಡಿಯಸ್ ಮೂಳೆಯ ಬೆಳವಣಿಗೆಯಲ್ಲಿ ಸುಮಾರು ಶೇಕಡಾ 75 ಪಾಲು ಮಣಿಕಟ್ಟಿನ ಬಳಿಯ ಪಟ್ಟಿಯದು. ಆದ್ದರಿಂದ ಎಂಟು ವರ್ಷದ ಮಗುವಿಗೆ ಮಣಿಕಟ್ಟಿನ ಹತ್ತಿರ ಮುರಿದು ಬಾಗಿ ಕೂಡಿದ ಮೂಳೆ ಒಂದೆರಡು ವರ್ಷಗಳಲ್ಲಿ ಗುರುತು ಸಿಗದಷ್ಟು ನೇರವಾಗುವುದುಂಟು. ತೋಳಿನ ಮೂಳೆಯ ಲೆಕ್ಕ ತಲೆಕೆಳಗು: ಅದರ ಬೆಳವಣಿಗೆಯ ಶೇಕಡಾ 80ರಷ್ಟು ಭುಜದ ಬಳಿ, ಮೊಣಕೈಯ ಬಳಿ ಬರಿಯ 20. ಮೊಣಕೈಗೆ ತೀರ ಸಮೀಪದಲ್ಲಿ ಪಕ್ಕಕ್ಕೆ ಓರೆಯಾಗಿ ಕೂಡಿದ ಮೂಳೆ ಕಾಲ ಕಳೆದಂತೆ ನೇರವಾಗುವ ಆಸೆ ಇಟ್ಟುಕೊಳ್ಳಬಾರದು. ತಿರುಚಿ ಕೂಡಿದ ಮೂಳೆ ಎಲ್ಲಿದ್ದರೂ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಕಾಯುವುದು ಒಂದು ಆಯ್ಕೆ ಹೌದೋ ಅಲ್ಲವೋ ಎಂಬುದು ಬಹುಮಟ್ಟಿಗೆ ಇಲ್ಲಿಯೇ ತೀರ್ಮಾನವಾಗುತ್ತದೆ.

ಮಾಂಟೆಜಿಯಾ: ಕಾಯಬಾರದ ಪೆಟ್ಟು

ಮುಂದೋಳಿನಲ್ಲಿ ಕಿರುಬೆರಳಿನ ಕಡೆ ಅಲ್ನಾ, ಹೆಬ್ಬೆರಳಿನ ಕಡೆ ರೇಡಿಯಸ್ ಎಂಬ ಎರಡು ಮೂಳೆಗಳಿವೆ. ಅಲ್ನಾ ಮುರಿದು, ಜೊತೆಗೇ ರೇಡಿಯಸ್ಸಿನ ತಲೆ, ಅಂದರೆ ಅದರ ಮೇಲ್ತುದಿ, ಮೊಣಕೈ ಕೀಲಿನಿಂದ ಜಾರಿಹೋದರೆ ಅದು ಮಾಂಟೆಜಿಯಾ ಪೆಟ್ಟು. ಮಿಲಾನಿನ ಶಸ್ತ್ರವೈದ್ಯ ಜೊವಾನಿ ಬತಿಸ್ತಾ ಮಾಂಟೆಜಿಯಾ ಇದನ್ನು ವರ್ಣಿಸಿದ್ದು 1814ರಲ್ಲಿ, ಎಕ್ಸ್‌ರೇ ಪತ್ತೆಯಾಗುವುದಕ್ಕೆ ಸುಮಾರು 80 ವರ್ಷ ಮೊದಲು; ಎಕ್ಸ್‌ರೇ ಸುಲಭವಾಗಿ ಸಿಗುವ ಈ ಕಾಲದಲ್ಲೂ ಮಕ್ಕಳಲ್ಲಿ ಅತಿ ಹೆಚ್ಚಾಗಿ ತಪ್ಪಿಹೋಗುವ ಪೆಟ್ಟುಗಳಲ್ಲಿ ಇದೊಂದು. ಕಾರಣ ಸರಳ: ಮುರಿದ ಅಲ್ನಾ ಎದ್ದು ಕಾಣುತ್ತದೆ, ಜಾರಿದ ತಲೆ ಕಾಣುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಅಲ್ನಾ ಮುರಿಯದೆ ಹಸಿ ಬಿದಿರಿನಂತೆ ಬರಿದೇ ಬಾಗಿರುವುದೂ ಉಂಟು. ರೇಡಿಯಸ್ಸಿನ ಕತ್ತು ಮತ್ತು ತಲೆಯ ನಡುವಿನಿಂದ ಎಳೆದ ಗೆರೆ, ಯಾವ ದಿಕ್ಕಿನಿಂದ ಎಕ್ಸ್‌ರೇ ತೆಗೆದರೂ, ತೋಳಿನ ಮೂಳೆಯ ಹೊರಬದಿಯ ದುಂಡು ಗುಬುಟನ್ನು ಹಾಯಬೇಕು. ಮುಂದೋಳು ಮುರಿದ ಮಗುವಿಗೆ ಮೊಣಕೈ ಮತ್ತು ಮಣಿಕಟ್ಟು ಎರಡೂ ಕಾಣುವಂತೆ ಎಕ್ಸ್‌ರೇ ತೆಗೆಸಿ, ಈ ಗೆರೆ ಸರಿಯಿದೆಯೇ ಎಂದು ತಂದೆತಾಯಿಯರು ಧಾರಾಳವಾಗಿ ಕೇಳಬಹುದು; ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ತಪ್ಪಿಹೋದ ಮೇಲೆ ಮೊದಲ ಕೆಲವು ತಿಂಗಳು ಮಗುವಿಗೆ ಹೆಚ್ಚೇನೂ ತೊಂದರೆ ಕಾಣದಿರುವುದೇ ಇದರ ಮೋಸ. ಮೊಣಕೈಯ ಮಡಿಕೆಯಲ್ಲಿ ಒಂದು ಗಡ್ಡೆಯಂತಹ ಉಬ್ಬು, ಬೆರಳು ಭುಜ ಮುಟ್ಟುವಷ್ಟು ಮಡಚಲು ಸ್ವಲ್ಪ ಕಡಿಮೆ, ಅಷ್ಟೇ. ಆದರೆ ಒಳಗೆ ಗಡಿಯಾರ ಓಡುತ್ತಿರುತ್ತದೆ. ರೇಡಿಯಸ್ಸಿನ ತಲೆ ಬಟ್ಟಲಿನಂತೆ ತಗ್ಗಾಗಿರುವುದು ಎದುರಿನ ಗುಬುಟಿನ ಒತ್ತಡದಿಂದ. ಆ ಒತ್ತಡ ಇಲ್ಲವಾದಾಗ ತಲೆ ಕ್ರಮೇಣ ಗುಮ್ಮಟದ ಆಕಾರಕ್ಕೆ ಬೆಳೆಯುತ್ತದೆ, ಮೂಳೆ ಉದ್ದವೂ ಆಗುತ್ತದೆ. ಆಮೇಲೆ ಅದನ್ನು ಹಿಂದಕ್ಕೆ ತಂದು ಕೂರಿಸಿದರೂ ಬಟ್ಟಲೂ ಗುಬುಟೂ ಒಂದಕ್ಕೊಂದು ಹೊಂದುವುದಿಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ, ಪೆಟ್ಟಾಗಿ ಮೂರು ವರ್ಷ ಮೀರಿರದಿದ್ದರೆ, ಶಸ್ತ್ರಚಿಕಿತ್ಸೆಯ ಫಲ ಹೆಚ್ಚು ಭರವಸೆಯದೆಂದು ಹಲವು ಶಸ್ತ್ರವೈದ್ಯರ ಅನುಭವ. ಆದರೂ ಕ್ಯಾಲೆಂಡರಿಗಿಂತ ತಲೆಯ ಆಕಾರ ದೊಡ್ಡದು. ಎಂ.ಆರ್.ಐ. ಅಥವಾ ಸಿ.ಟಿ. ತೆಗೆಸಲು ವೈದ್ಯರು ಹೇಳುವುದು ಬಹುತೇಕ ಅದನ್ನು ನೋಡುವುದಕ್ಕೆ.

ಇಲ್ಲಿ ಮುಖ್ಯ ಆಯ್ಕೆಗಳು ಮೂರು. ಮೊದಲನೆಯದು, ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಅಲ್ನಾವನ್ನು ಕತ್ತರಿಸಿ, ಹಳೆಯ ಬಾಗಿಗೆ ಎದುರು ದಿಕ್ಕಿನಲ್ಲಿ ಸ್ವಲ್ಪ ಬಾಗಿಸಿ, ಅಗತ್ಯವಿದ್ದರೆ ಉದ್ದ ಮಾಡಿ ಪ್ಲೇಟ್ ಹಾಕಿ, ಕೀಲನ್ನು ತೆರೆದು ಗಟ್ಟಿಯಾದ ಗಾಯದ ಅಂಗಾಂಶ ತೆಗೆದು ರೇಡಿಯಸ್ಸಿನ ತಲೆಯನ್ನು ಅದರ ಜಾಗದಲ್ಲಿ ಕೂರಿಸುವುದು. ತಲೆಯನ್ನು ಉಂಗುರದಂತೆ ಹಿಡಿದಿಡುವ ಅಸ್ಥಿಬಂಧವನ್ನು ಹೊಸದಾಗಿ ಕಟ್ಟುವುದು ಇದಕ್ಕೆ ಸೇರಬಹುದು, ಸೇರದೆಯೂ ಇರಬಹುದು; ತೋಳಿನ ಹಿಂಭಾಗದ ಟ್ರೈಸೆಪ್ಸ್ ಸ್ನಾಯುವಿನ ಪಟ್ಟಿಯೊಂದನ್ನು ಬಳಸಿ ಅದನ್ನು ಕಟ್ಟುವ ವಿಧಾನವನ್ನು ಶಸ್ತ್ರವೈದ್ಯ ಬೆಲ್ ಟಾಸ್ 1965ರಲ್ಲಿ ಪ್ರಕಟಿಸಿದ್ದರು. ಎರಡನೆಯದು, ಅಲ್ನಾ ಕತ್ತರಿಸಿ, ಹೊರಗಿನಿಂದ ಕಡ್ಡಿಗಳ ಚೌಕಟ್ಟು ಹಾಕಿ, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ನಿಧಾನವಾಗಿ ಉದ್ದ ಮಾಡುತ್ತ ತಲೆಯನ್ನು ಕೆಳಗೆ ಎಳೆದು ತರುವುದು. ಮೂರನೆಯದು, ಈಗ ಏನೂ ಮಾಡದೆ ಬೆಳವಣಿಗೆ ಮುಗಿಯುವವರೆಗೆ ಗಮನಿಸುತ್ತ, ನೋವು ಹೆಚ್ಚಾದರೆ ಆಗ ತಲೆಯನ್ನು ಕತ್ತರಿಸಿ ತೆಗೆಯುವುದು.

ಮೊದಲ ದಾರಿಯಲ್ಲಿ ಕೆಲಸ ಒಮ್ಮೆಗೇ ಮುಗಿಯುತ್ತದೆ, ಪ್ಲಾಸ್ಟರ್ ನಾಲ್ಕರಿಂದ ಆರು ವಾರ. ಅಪಾಯಗಳೂ ಇವೆ: ತಲೆ ಮತ್ತೆ ಜಾರಬಹುದು, ಬೆರಳುಗಳನ್ನು ಎತ್ತುವ ನರ ಕೆಲವು ತಿಂಗಳು ಸೋತಿರಬಹುದು, ಕತ್ತರಿಸಿದ ಅಲ್ನಾ ಕೂಡಲು ತಡವಾಗಬಹುದು, ಅಂಗೈಯನ್ನು ಕೆಳಮುಖ ಮಾಡುವ ಚಲನೆ ಸ್ವಲ್ಪ ಕಡಿಮೆಯಾಗಬಹುದು. ಈ ಕೊನೆಯದರ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಅಂಗೈ ಕೆಳಮುಖವಾಗುವುದು ಕಡಿಮೆಯಾದರೆ ಭುಜವನ್ನು ಪಕ್ಕಕ್ಕೆ ಎತ್ತಿ ಮಗು ಅದನ್ನು ಸರಿದೂಗಿಸಿಕೊಳ್ಳುತ್ತದೆ, ಬರೆಯಲು ಕೀಬೋರ್ಡ್ ಒತ್ತಲು ತೊಡಕಾಗದು. ಅಂಗೈ ಮೇಲ್ಮುಖವಾಗುವುದು ಹೋದರೆ ಮಾತ್ರ ಸರಿದೂಗಿಸಲು ಸುಲಭದ ದಾರಿಯಿಲ್ಲ. ಮಠದಲ್ಲಿ ತೀರ್ಥಕ್ಕೆ ಕೈಯೊಡ್ಡುವಾಗ, ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಳ್ಳುವಾಗ, ಮುಖ ತೊಳೆಯುವಾಗ ದಿನವೂ ಅದು ಕಾಡುತ್ತದೆ. ಆದ್ದರಿಂದ ‘ತಿರುಗುವುದು ಕಡಿಮೆಯಾಗಬಹುದು’ ಎಂದು ವೈದ್ಯರು ಹೇಳಿದಾಗ ಯಾವ ಕಡೆಗೆ ಎಂದು ಕೇಳಿ ತಿಳಿದುಕೊಳ್ಳುವುದು ಲೇಸು.

ಚೌಕಟ್ಟಿನ ದಾರಿಯಲ್ಲಿ ಕೆಲವೊಮ್ಮೆ ಕೀಲನ್ನು ತೆರೆಯದೆಯೇ ಕೆಲಸವಾಗುತ್ತದೆ, ತಲೆ ತುಂಬಾ ಮೇಲಕ್ಕೆ ಸರಿದಿದ್ದರೆ ಅದೇ ಹೆಚ್ಚು ಸುರಕ್ಷಿತ. ಆದರೆ ತಿಂಗಳುಗಟ್ಟಲೆ ಕಡ್ಡಿಗಳನ್ನು ಹೊತ್ತುಕೊಂಡಿರಬೇಕು, ಕಡ್ಡಿಯ ಬುಡವನ್ನು ದಿನವೂ ಶುಚಿಗೊಳಿಸಬೇಕು. ಕರಾವಳಿಯ ಬೆವರಿನಲ್ಲಿ ಅಲ್ಲಿ ಸೋಂಕಾಗುವುದು ಸುಲಭ. ಏಪ್ರಿಲ್, ಮೇ ತಿಂಗಳ ರಜೆಯೇ ಸಿಗುತ್ತದೆಂದು ಆ ಸೆಕೆಗೇ ಚೌಕಟ್ಟು ಹಾಕಿಸುವ ಯೋಚನೆ ನನಗೆ ಅಷ್ಟು ಹಿಡಿಸುವುದಿಲ್ಲ. ಮೂರನೆಯ ದಾರಿ ಹದಿಮೂರು, ಹದಿನಾಲ್ಕು ದಾಟಿ, ತಲೆ ಈಗಾಗಲೇ ಗುಮ್ಮಟವಾಗಿ, ನೋವಿಲ್ಲದೆ ಕೈ ಬಳಸುತ್ತಿರುವ ಮಗುವಿಗೆ ಸೋಲೇನೂ ಅಲ್ಲ. ಬೆಳೆಯುವ ವಯಸ್ಸಿನಲ್ಲೇ ತಲೆಯನ್ನು ಕತ್ತರಿಸಿ ತೆಗೆಯುವುದನ್ನು ಮಾತ್ರ ಒಪ್ಪಬಾರದು; ರೇಡಿಯಸ್ ಮೇಲಕ್ಕೆ ಸರಿದು ಮಣಿಕಟ್ಟು ನೋಯತೊಡಗುತ್ತದೆ, ಮೊಣಕೈ ಹೊರಕ್ಕೆ ವಾಲುತ್ತದೆ.

ಮೊದಲ ದಾರಿ ಹಿಡಿಯುವವರು ಕೇಳಲೇಬೇಕಾದ ಒಂದು ಪ್ರಶ್ನೆ: ಅಲ್ನಾವನ್ನು ಕತ್ತರಿಸಿ ಸರಿಪಡಿಸುತ್ತೀರಾ, ಇಲ್ಲವೇ ತಲೆಯನ್ನು ಕೂರಿಸಿ ಅಸ್ಥಿಬಂಧ ಮಾತ್ರ ಕಟ್ಟುತ್ತೀರಾ? ಅಲ್ನಾ ಬಾಗಿಯೇ ಇದ್ದರೆ ಹೊಸದಾಗಿ ಕಟ್ಟಿದ ಪಟ್ಟಿ ಎಷ್ಟೇ ಗಟ್ಟಿಯಿದ್ದರೂ ತಲೆ ಮತ್ತೆ ಜಾರುವ ಸಂಭವ ಹೆಚ್ಚು. ಕೂರಿಸಿದ ತಲೆ ಜಾರದಂತೆ ಕೀಲಿನ ಮೂಲಕ ಹಾಯಿಸುವ ತಂತಿ ಒಳಗೇ ತುಂಡಾಗುವ ಅಪಾಯವಿದೆಯಾದ್ದರಿಂದ ಹಲವರು ಈಗ ಅದನ್ನು ತಪ್ಪಿಸುತ್ತಾರೆ.

ಒಳಕ್ಕೆ ವಾಲಿದ ಮೊಣಕೈ: ಕಾದರೂ ನಡೆಯುವ ಪೆಟ್ಟು

ಮೊಣಕೈಯ ಮೇಲ್ಗಡೆ ತೋಳಿನ ಮೂಳೆ ಮುರಿದು ಓರೆಯಾಗಿ ಕೂಡಿದರೆ, ಕೈ ಚಾಚಿದಾಗ ಮುಂದೋಳು ಮೈಯ ಕಡೆಗೆ ವಾಲುತ್ತದೆ. ಸಾಮಾನ್ಯವಾಗಿ ಕೈ 5ರಿಂದ 15 ಡಿಗ್ರಿ ಹೊರಕ್ಕೆ ವಾಲಿರಬೇಕು. ಇಲ್ಲಿ ಅದು ತಿರುಗಿ ಬಂದೂಕಿನ ಹಿಡಿಯಂತೆ ಕಾಣುತ್ತದೆ. ನಾಟಿ ಪಟ್ಟಿಯ ನಂತರ ನಾನು ಅತಿ ಹೆಚ್ಚು ನೋಡುವ ವಿಕಾರ ಇದು, ಮನೆಯವರನ್ನು ಅತಿ ಹೆಚ್ಚು ಚಿಂತೆಗೀಡುಮಾಡುವುದೂ ಇದೇ, ವಿಶೇಷವಾಗಿ ಹೆಣ್ಣುಮಕ್ಕಳ ಮನೆಗಳಲ್ಲಿ. ಆದರೆ ಆ ಮಕ್ಕಳು ಮಾಡಲಾಗದ ಕೆಲಸಗಳನ್ನು ಬರೆದಿಡಲು ಹೊರಟರೆ ಪಟ್ಟಿ ಹೆಚ್ಚಾಗಿ ಖಾಲಿಯೇ ಉಳಿಯುತ್ತದೆ. ಮಡಚುವುದು ನೀಡುವುದು ಸಾಮಾನ್ಯವಾಗಿ ಸಾಕಷ್ಟಿರುತ್ತದೆ, ನೋವಿರುವುದಿಲ್ಲ.

ಹಾಗೆಂದು ಇದು ಬರಿಯ ಚೆಂದದ ವಿಷಯ ಎಂದು ತಳ್ಳಿಹಾಕುವುದೂ ಸರಿಯಲ್ಲ. ವಾಲು ಹೆಚ್ಚಿದ್ದರೆ ಮತ್ತೊಮ್ಮೆ ಬಿದ್ದಾಗ ಮೊಣಕೈಯ ಹೊರಗಂಟು ಮುರಿಯುವ ಸಂಭವವಿದೆ. ಇಪ್ಪತ್ತು, ಮೂವತ್ತು ವರ್ಷಗಳ ನಂತರ ಕೀಲು ಸಡಿಲಾಗುವುದನ್ನೂ ಮೊಣಕೈಯ ಒಳಬದಿಯ ಅಲ್ನಾರ್ ನರ ಸೋಲುವುದನ್ನೂ ವೈದ್ಯರು ಕಂಡಿದ್ದಾರೆ. ಬೆಳವಣಿಗೆ ಈ ಓರೆಯನ್ನು ನೇರ ಮಾಡದು, ಆದರೆ ಹೆಚ್ಚಾಗಿ ಹದಗೆಡಿಸುವುದೂ ಇಲ್ಲ; ಹದಗೆಡುತ್ತಿದ್ದರೆ ಬೆಳವಣಿಗೆಯ ಪಟ್ಟಿಗೇ ಪೆಟ್ಟಾಗಿದೆಯೇ ಎಂದು ನೋಡಬೇಕಾಗುತ್ತದೆ. ಆದ್ದರಿಂದ ಮುರಿದು ಕನಿಷ್ಠ ಒಂದು ವರ್ಷವಾದರೂ ಕಳೆದು, ಚಲನೆಯೆಲ್ಲ ಮರಳಿದ ಮೇಲೆ ನಿರ್ಧರಿಸುವುದು ವಾಡಿಕೆ.

ಮಾಡಿಸುವುದಾದರೆ ಮೂಳೆಯ ಹೊರಬದಿಯಿಂದ ಬೆಣೆಯಾಕಾರದ ತುಂಡು ತೆಗೆದು ಮುಚ್ಚುವುದು ಅತ್ಯಂತ ಸರಳ ವಿಧಾನ. ಕಡಿಮೆ ಸಮಯ, ಕಡಿಮೆ ತೊಡಕು, ಆದರೆ ಹೊರಗಂಟು ಉಬ್ಬಿದಂತೆ ಕಾಣಿಸಬಹುದು. ಮೆಟ್ಟಿಲಿನಂತೆ ಅಥವಾ ಕಮಾನಿನಂತೆ ಕತ್ತರಿಸುವ ವಿಧಾನಗಳಲ್ಲಿ ಆ ಉಬ್ಬು ಕಡಿಮೆ, ಕೈಯ ರೂಪ ಚೆನ್ನ. ಬದಲಿಗೆ ಕತ್ತರಿಸುವ ಲೆಕ್ಕ ಕಠಿಣ, ಶಸ್ತ್ರವೈದ್ಯರಿಗೆ ಆ ವಿಧಾನದಲ್ಲಿ ಕೈ ಪಳಗಿರಬೇಕು. ಚಿಕ್ಕ ಮಕ್ಕಳಲ್ಲಿ ಬೆಣೆಯ ಉಬ್ಬು ಬೆಳೆಯುತ್ತ ಸ್ವಲ್ಪ ಇಳಿಯುತ್ತದೆ. ಆದ್ದರಿಂದ ಆರೇಳು ವರ್ಷದವರಿಗೆ ಸರಳ ವಿಧಾನ, ಹನ್ನೆರಡು ದಾಟಿದವರಿಗೆ ಮೆಟ್ಟಿಲು ಅಥವಾ ಕಮಾನು ಎಂಬ ಯೋಚನೆ ನನಗೆ ಒಪ್ಪಿಗೆಯಾಗುತ್ತದೆ. ಗಾಯದ ಗುರುತು ಎಲ್ಲಿ ಬರುತ್ತದೆ ಎಂದು ಮೊದಲೇ ಕೇಳಬೇಕು. ಚೆಂದಕ್ಕಾಗಿ ಮಾಡಿಸಿದ ಶಸ್ತ್ರಚಿಕಿತ್ಸೆಯಲ್ಲಿ ಗುರುತೇ ದಪ್ಪನೆ ಉಬ್ಬಿ ನಿಂತರೆ ಮಗು ತೋಳುದ್ದದ ಅಂಗಿಯನ್ನೇ ತೊಡುವುದನ್ನು ಮುಂದುವರಿಸುತ್ತದೆ.

ಕೂಡದೆ ಉಳಿದ ಹೊರಗಂಟು

ಮೊಣಕೈಯ ಹೊರಬದಿಯ ಗಂಟು ಮುರಿದು ಕೂಡದೆಯೇ ಉಳಿದರೆ ಕೈ ವರ್ಷಗಳು ಕಳೆದಂತೆ ಹೊರಕ್ಕೆ ವಾಲುತ್ತದೆ, ಕೀಲಿನ ಒಳಬದಿಯಲ್ಲಿ ಹಾಯುವ ಅಲ್ನಾರ್ ನರ ಹಿಗ್ಗಿ ಹಿಗ್ಗಿ ಕೊನೆಗೆ ಕಿರುಬೆರಳಲ್ಲಿ ಜೋಮು, ಅಂಗೈಯ ಸ್ನಾಯುಗಳಲ್ಲಿ ಸೊರಗು ಕಾಣಿಸುತ್ತದೆ. ಅದು ಹೆಚ್ಚಾಗಿ ಮಧ್ಯವಯಸ್ಸಿನ ವೇಳೆಗೆ, ಬಾಲ್ಯದ ಪೆಟ್ಟು ಮರೆತೇ ಹೋದ ಮೇಲೆ.

ಇದನ್ನು ಎಷ್ಟು ತಡವಾಗಿ ಮುಟ್ಟಬಹುದು ಎಂಬುದರಲ್ಲಿ ಶಸ್ತ್ರವೈದ್ಯರ ನಿಲುವು ಬದಲಾಗುತ್ತ ಬಂದಿದೆ. ಮೂರು ವಾರ ಕಳೆದ ಮೇಲೆ ತೆರೆದು ಕೂರಿಸಲು ಹೊರಟರೆ ಬಿಟ್ಟುಬಿಟ್ಟದ್ದಕ್ಕಿಂತ ಒಳ್ಳೆಯ ಫಲವೇನೂ ಸಿಗುವುದಿಲ್ಲ ಎಂಬ ಎಚ್ಚರಿಕೆ 1975ರಲ್ಲಿ ಬಂದಿತ್ತು. ತುಂಡಿಗೆ ರಕ್ತ ಹೋಗುವುದು ಹಿಂಬದಿಯ ಮೆತ್ತನೆಯ ಅಂಗಾಂಶದ ಮೂಲಕ, ಅದನ್ನು ಬಿಡಿಸಿದರೆ ತುಂಡು ಸಾಯುತ್ತದೆ. ಈಗ ಅನೇಕರು ತಿಂಗಳುಗಳ ನಂತರವೂ ಮಾಡುತ್ತಾರೆ, ಆದರೆ ತುಂಡನ್ನು ಮೊದಲಿನ ಜಾಗಕ್ಕೆ ಹಟ ಹಿಡಿದು ಎಳೆಯದೆ, ಅದು ಇರುವಲ್ಲಿಯೇ ಅಥವಾ ಸುಲಭವಾಗಿ ಬರುವಷ್ಟೇ ತಂದು, ಮೂಳೆಯ ಚೂರು ತುಂಬಿ ಸ್ಕ್ರೂ ಹಾಕುತ್ತಾರೆ. ಮಗುವಿನ ಬೆಳವಣಿಗೆ ಬಾಕಿಯಿದ್ದು ತುಂಡು ತೀರ ದೂರ ಸರಿದಿಲ್ಲವಾದರೆ ಇದು ಒಳ್ಳೆಯ ಆಯ್ಕೆ. ದೂರ ಸರಿದು ಹತ್ತಾರು ವರ್ಷಗಳಾಗಿದ್ದರೆ ವಾಲನ್ನು ಸರಿಪಡಿಸಲು ಮೂಳೆ ಕತ್ತರಿಸಿ, ನರವನ್ನು ಮೊಣಕೈಯ ಮುಂಬದಿಗೆ ತಂದಿಡುವುದು ಉಳಿಯುತ್ತದೆ. ‘ಮೂಳೆ ಪೂರ್ತಿ ಮೊದಲಿನ ಜಾಗಕ್ಕೆ ತರುತ್ತೇವೆ’ ಎಂಬ ಭರವಸೆ ಈ ಪೆಟ್ಟಿನಲ್ಲಿ ನನ್ನನ್ನು ಸ್ವಲ್ಪ ಹೆದರಿಸುತ್ತದೆ.

ಉಳಿದವು

ಮುಂದೋಳಿನ ಎರಡೂ ಮೂಳೆ ನಡುವೆ ಮುರಿದು ಬಾಗಿ ಕೂಡಿದರೆ, ಎಂಟೊಂಬತ್ತು ವರ್ಷದೊಳಗಿನ ಮಗುವಿಗೆ ಒಂದು ವರ್ಷ ಕಾಯುವುದು ಸರಿ. ಹತ್ತು ದಾಟಿದ ಮಗುವಿಗೆ, ಕೈ ತಿರುಗುವುದು ಬಹಳ ಕಡಿಮೆಯಾಗಿದ್ದರೆ, ಮೂಳೆಗಳ ನಡುವಿನ ಪೊರೆ ಬಿಗಿದುಕೊಳ್ಳುವ ಮೊದಲೇ, ವರ್ಷದೊಳಗೆ ಮಾಡಿಸುವುದು ಮೇಲು. ದಿನನಿತ್ಯದ ಹೆಚ್ಚಿನ ಕೆಲಸಗಳಿಗೆ ಅಂಗೈ ಎರಡೂ ಕಡೆ 50 ಡಿಗ್ರಿ ತಿರುಗಿದರೆ, ಮೊಣಕೈ 30ರಿಂದ 130 ಡಿಗ್ರಿಯವರೆಗೆ ಮಡಚಿದರೆ ಸಾಕು ಎಂದು 1981ರಲ್ಲಿ ಶಸ್ತ್ರವೈದ್ಯ ಮೊರೆ ಮತ್ತು ಸಂಗಡಿಗರು ಅಳೆದು ತೋರಿಸಿದ್ದರು. ನಿರ್ಧಾರಕ್ಕೆ ಮುನ್ನ ಮಗುವಿನ ಕೈಯನ್ನು ಈ ಅಳತೆಗೆ ಹಿಡಿದು ನೋಡುವುದು ಒಳ್ಳೆಯದು. ಮೂರು ವಾರ ಮೀರಿದ ಮೊಣಕೈ ಕೀಲುತಪ್ಪಿಗೆ ಎಳೆದು ಕೂರಿಸುವ ಪ್ರಯತ್ನ ಬೇಡ, ತೆರೆದೇ ಕೂರಿಸಬೇಕು. ಮಕ್ಕಳಲ್ಲಿ ತಿಂಗಳುಗಳ ನಂತರವೂ ಅದರಿಂದ ಪ್ರಯೋಜನವಾಗುತ್ತದೆ, ಆದರೆ ಬಿಗಿತ ಪೂರ್ತಿ ಹೋಗುವುದು ಅಪರೂಪ.

ವೋಲ್ಕ್‌ಮನ್ ಸಂಕೋಚ ಇವೆಲ್ಲಕ್ಕಿಂತ ದುಃಖದ ಸಂಗತಿ. ಬಿಗಿಯಾದ ಪಟ್ಟಿಯಿಂದಲೋ ಪ್ಲಾಸ್ಟರಿನಿಂದಲೋ ರಕ್ತ ನಿಂತು ಮುಂದೋಳಿನ ಸ್ನಾಯುಗಳು ಸತ್ತು ನಾರಾಗುವ ಇದನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ವೋಲ್ಕ್‌ಮನ್ 1881ರಲ್ಲಿ ವಿವರಿಸಿದರು. ಮಣಿಕಟ್ಟು ಬಗ್ಗಿಸಿದರೆ ಮಾತ್ರ ಬೆರಳು ಬಿಚ್ಚುತ್ತದೆ, ಎತ್ತಿದೊಡನೆ ಮುಷ್ಟಿಯಾಗುತ್ತದೆ. ಸಣ್ಣ ಪ್ರಮಾಣದ್ದಕ್ಕೆ ಸ್ಪ್ಲಿಂಟ್ ಮತ್ತು ವ್ಯಾಯಾಮ ಸಾಕು. ಮಧ್ಯಮ ಪ್ರಮಾಣದಲ್ಲಿ ಸ್ನಾಯುಗಳ ಬುಡವನ್ನು ಮೂಳೆಯಿಂದ ಬಿಡಿಸಿ ಕೆಳಕ್ಕೆ ಸರಿಸುವ, 1923ರಿಂದ ಬಂದಿರುವ ಮ್ಯಾಕ್ಸ್ ಪೇಜ್ ವಿಧಾನವನ್ನೂ, ಸ್ನಾಯುರಜ್ಜುಗಳನ್ನು ಉದ್ದ ಮಾಡುವುದನ್ನೂ ಹೋಲಿಸಿದರೆ, ಹಿಡಿತದ ಬಲ ಉಳಿಯುವುದು ಮೊದಲನೆಯದರಲ್ಲಿ. ಸ್ನಾಯುವೆಲ್ಲ ಸತ್ತಿದ್ದರೆ ತೊಡೆಯಿಂದ ಗ್ರಾಸಿಲಿಸ್ ಸ್ನಾಯುವನ್ನು ರಕ್ತನಾಳ, ನರಸಮೇತ ತಂದು ಜೋಡಿಸಬೇಕಾಗುತ್ತದೆ; ಅದು ಸೂಕ್ಷ್ಮದರ್ಶಕ ಶಸ್ತ್ರಚಿಕಿತ್ಸೆಯ ತಂಡವಿರುವಲ್ಲಿ ಮಾತ್ರ ಆಗುವ ಕೆಲಸ.

ಎಲ್ಲಿ, ಹೇಗೆ, ಮತ್ತು ಆಮೇಲೆ

ಈ ವಿಷಯದಲ್ಲಿ ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳ ಜನರು ಅದೃಷ್ಟವಂತರು. ಮಣಿಪಾಲ, ಕಂಕನಾಡಿ, ದೇರಳಕಟ್ಟೆಗಳಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆ ಇವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಉಳಿದವರಿಗೆ ನಿಗದಿತ ವೆಚ್ಚದ ಶೇಕಡಾ 30ರಷ್ಟು ನೆರವಿದೆ. ಹಳೆಯ ಪೆಟ್ಟು ತುರ್ತು ಚಿಕಿತ್ಸೆಯಲ್ಲವಾದ್ದರಿಂದ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಮೊದಲು ಅಲ್ಲಿಗೆ ಹೋಗಿ ಬಂದರೆ ಎರಡನೆಯ ಅಭಿಪ್ರಾಯವೂ ಸಿಕ್ಕಂತಾಗುತ್ತದೆ. ಮೊದಲ ದಿನದ ಎಕ್ಸ್‌ರೇ ಮಸುಕಾಗಿದ್ದರೂ ಎಸೆಯಬಾರದು. ಇನ್ನೊಂದು ಕೈಯ ಎಕ್ಸ್‌ರೇಯನ್ನೂ ತೆಗೆಸುತ್ತಾರೆ. ಹೋಲಿಸಿ ನೋಡುವುದು ಅದರೊಂದಿಗೇ ಆದ್ದರಿಂದ ಅದನ್ನು ದಂಡದ ಖರ್ಚೆಂದು ತಿಳಿಯಬೇಡಿ.

ಯಾವ ಆಯ್ಕೆಯಾದರೂ ನಂತರದ ಕೆಲಸ ಒಂದೇ ಬಗೆಯದು, ಮತ್ತು ಅಲ್ಲಿ ನನ್ನ ಕೋರಿಕೆ ಒಂದೇ: ಮೊಣಕೈಯನ್ನು ತಿಕ್ಕಬೇಡಿ, ಬಲವಂತವಾಗಿ ಎಳೆದು ಮಡಚಬೇಡಿ. ಹಾಗೆ ಮಾಡಿದ ಮೊಣಕೈಯ ಸ್ನಾಯುವಿನೊಳಗೆ ಹೊಸ ಮೂಳೆ ಬೆಳೆದು, ಶಸ್ತ್ರಚಿಕಿತ್ಸೆ ಕೊಟ್ಟದ್ದನ್ನು ತಿಕ್ಕಿದ ಕೈಯೇ ಕಿತ್ತುಕೊಳ್ಳುತ್ತದೆ. ಮಗುವಿನ ಕೈಯನ್ನು ಮಗುವೇ ಆಡಿಸಬೇಕು. ಚಪಾತಿ ಲಟ್ಟಿಸುವುದು, ಬಕೆಟಿನಿಂದ ಚೊಂಬಿನಲ್ಲಿ ನೀರು ಮೊಗೆದು ಗಿಡಕ್ಕೆ ಹೊಯ್ಯುವುದು, ಕೇರಂ ಆಡುವುದು, ಇವೆಲ್ಲ ನನ್ನ ಕೊಠಡಿಯ ಸಲಕರಣೆಗಳಿಗಿಂತ ಕಡಿಮೆಯಿಲ್ಲ. ಚಲನೆ ಒಂದು ವರ್ಷದವರೆಗೂ ಹೆಚ್ಚುತ್ತ ಹೋಗುವುದುಂಟು. ಮನೆಯ ಬಾಗಿಲಿನ ದಾರಂದದ ಮೇಲೆ, ಕೈ ನೇರವಾಗಿ ಎತ್ತಿದಾಗ ಬೆರಳ ತುದಿ ತಲುಪುವಲ್ಲಿ ಪ್ರತಿ ಭಾನುವಾರ ಪೆನ್ಸಿಲಿನಿಂದ ಗೆರೆ ಹಾಕಿ ದಿನಾಂಕ ಬರೆಯಲು ಹೇಳುತ್ತೇನೆ. ಮೊದಲ ಆರು ವಾರ ಗೆರೆಗಳು ಒಂದರ ಮೇಲೊಂದು ಬಿದ್ದಂತೆ ಕಾಣುತ್ತವೆ, ಆಮೇಲೆ ನಿಧಾನವಾಗಿ ಬಿಡಿಯಾಗತೊಡಗುತ್ತವೆ.